ತಿರುವಿನಲ್ಲಿ ಪಾನಕ ಕುಡಿದವನು

ದೆವ್ವ, ಭೂತ, ಒಂದೇ ಹೊತ್ತಿಗೆ ಎರಡು ಊರಲ್ಲಿ ಕಾಣಿಸಿಕೊಳ್ಳುವ ಸಾಧುಗಳು, ಇವು ಯಾವುದನ್ನೂ ನಾನು ನಂಬಿದವನಲ್ಲ. ಅದಕ್ಕೆ ಬಲವಾದ ಕಾರಣವಿತ್ತು. ನಮ್ಮ ಶಾಲೆಯಲ್ಲಿ ಓಡಾಡುತ್ತಿದ್ದ ಮೂರು ದೆವ್ವಗಳಲ್ಲಿ ಎರಡನ್ನು ಹುಟ್ಟಿಸಿದವನೇ ನಾನು. ಕೆಮಿಸ್ಟ್ರಿ ಲ್ಯಾಬಿನ ನಲ್ಲಿಯನ್ನು ಮಧ್ಯಾಹ್ನ ಮೂರಕ್ಕೆ ಸರಿಯಾಗಿ ತಿರುಗಿಸುವ ಹುಡುಗಿ ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಹುಟ್ಟಿದಳು. ಇನ್ನೊಂದು, ಮೆಟ್ಟಿಲ ಕೆಳಗೆ ಕೆಮ್ಮುವ ಮುದುಕ. ಮೂರನೆಯದು ದೆವ್ವವಲ್ಲ, ಬಿಳಿ ಪಂಚೆ ಉಟ್ಟ ವಾಚ್‌ಮನ್ ಎಂದು ಆಮೇಲೆ ಗೊತ್ತಾಯಿತು. ದೆವ್ವಗಳನ್ನು ತಯಾರಿಸುವವನು ದೆವ್ವಗಳಿಗೆ ಹೆದರುವುದು ಹೇಗೆ?

ನಾನು ಒಂದಕ್ಕೆ ನಾಲ್ಕು ಸೇರಿಸಿ ಹೇಳುವವನು ಅನ್ನುವುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲೂ ಅಲ್ಲಲ್ಲಿ ಸ್ವಲ್ಪ ಎಳೆದಿದ್ದೇನೆ, ಎಲ್ಲಿ ಅಂತ ನಿಮಗೇ ಗೊತ್ತಾಗುತ್ತದೆ. ಆದರೆ ಬೆಸೆಂಟ್ ನಗರದ ತಿರುವಿನ ವಿಷಯ ಬಂದಾಗ ಒಂದು ಎಳೆಯನ್ನೂ ಸೇರಿಸಿಲ್ಲ. ಸೇರಿಸಲು ನನಗೆ ಧೈರ್ಯವೇ ಬಂದಿಲ್ಲ.

ಮೂರು ವರ್ಷದ ಹಿಂದಿನ ಮಾತು. ನನಗಾಗ ಹದಿನೈದು. ನಮ್ಮ ಊರಿಗೆ ಮ್ಯಾರಥಾನ್ ಆ ವರ್ಷ ಹೊಸದಾಗಿ ಬಂದಿತ್ತು. ಅಲ್ಲಿಯವರೆಗೆ ಚೆನ್ನೈಯಲ್ಲಿ ಜನ ಓಡುತ್ತಿದ್ದುದು ಎರಡೇ ಕಾರಣಕ್ಕೆ: ಹೊರಟುಬಿಟ್ಟ 29ಸಿ ಬಸ್ಸಿನ ಹಿಂದೆ, ಇಲ್ಲವೇ ಬೀದಿಗೆ ಬಂದ ನೀರಿನ ಲಾರಿಯ ಮುಂದೆ. ಸುಮ್ಮನೆ, ಬೆಳಗ್ಗೆ ಎದ್ದು, ಯಾವ ಲಾರಿಯೂ ಇಲ್ಲದೆ ಓಡುವುದೆಂದರೆ ನಮ್ಮ ಬೀದಿಯಲ್ಲಿ ನಗೆಪಾಟಲಿನ ಸಂಗತಿ. ಹಾಗಾಗಿ ನಾನು ತಕ್ಷಣ ಹೆಸರು ಕೊಟ್ಟೆ. ಕೊಟ್ಟಿದ್ದು ಚಿಕ್ಕ ಓಟಕ್ಕೆ. ಲೈಟ್ ಹೌಸಿನಿಂದ ಹೊರಟು, ಅಡ್ಯಾರ್ ಸೇತುವೆ ದಾಟಿ, ಬೆಸೆಂಟ್ ನಗರದ ಬೀಚಿನಲ್ಲಿ ತಿರುಗಿ, ಮತ್ತೆ ಲೈಟ್ ಹೌಸಿಗೆ. ಕ್ಲಾಸಿನಲ್ಲಿ ಮಾತ್ರ ನಲವತ್ತೆರಡು ಕಿಲೋಮೀಟರ್ ಅಂತ ಹೇಳಿದ್ದೆ. ಒಬ್ಬಳು ಹುಡುಗಿ ಬಾಯಿ ತೆರೆದು ಕೇಳಿದ್ದನ್ನು ನೋಡಿ, 'ವಾಪಸ್ ಬರೋದು ಬೇರೆ' ಅಂತಲೂ ಸೇರಿಸಿದೆ.

ತಯಾರಿ ನಾಲ್ಕು ದಿನ ನಡೆಯಿತು. ಮೊದಲ ದಿನ ಶೂ ಕೊಂಡೆ. ಎರಡನೇ ದಿನ ಅದನ್ನು ಹಾಕಿಕೊಂಡು ನಾಲ್ಕು ಜನಕ್ಕೆ ತೋರಿಸಿದೆ. ಮೂರನೇ ದಿನ ಓಡಿದೆ. ಆ ದಿನದ ಶ್ರೇಯಸ್ಸು ಪೂರ್ತಿ ಮೂಲೆಮನೆಯ ನಾಯಿಗೆ ಸೇರಬೇಕು. ನಾಲ್ಕನೇ ದಿನ ಓಟಗಾರರಿಗೆ ವಿಶ್ರಾಂತಿ ಮುಖ್ಯ ಎಂದು ಎಲ್ಲೋ ಓದಿ ಮಲಗಿದೆ.

ಮನೆಯಲ್ಲಿ ಇದನ್ನೆಲ್ಲ ನಿಜವೆಂದು ಹಿಡಿದುಕೊಂಡವರು ಅಜ್ಜಿ ಒಬ್ಬರೇ. ಅಜ್ಜಿ ಅಂದರೆ ಅಪ್ಪನ ತಾಯಿ. ನಮ್ಮದು ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ ಮನೆತನ. ಅಜ್ಜಿ ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಿದ್ದರು, ನಾನು ತಮಿಳಿನಲ್ಲೇ ಉತ್ತರ ಕೊಡುತ್ತಿದ್ದೆ. ಅವರನ್ನು ನಾನು ಅಜ್ಜಿ ಎಂದದ್ದೂ ಕಡಿಮೆ, ಫ್ರೆಂಡ್ಸ್ ಎದುರಿಗೆ ಯಾವಾಗಲೂ ತಮಿಳಿನ 'ಪಾಟಿ'. ಹಳೇ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ಅ ಆ ಇ ಈ ತಿದ್ದಿಸಿದವರು ಅವರೇ. ಓದಲು ಬರೆಯಲು ಕಲಿತೆ, ಮಾತು ಮಾತ್ರ ಬಾಯಿಗೆ ಬರಲಿಲ್ಲ. ಬರಲಿಲ್ಲ ಅನ್ನುವುದು ಸುಳ್ಳು. ನಾಚಿಕೆ.

ನಮ್ಮಿಬ್ಬರ ನಡುವೆ ಇನ್ನೊಂದು ಜಗಳವಿತ್ತು. ಅಜ್ಜಿಯ ಮುಂದೆ ಲೋಟಕ್ಕೆ ತುಟಿ ತಾಗಿಸಿ ಕುಡಿಯುವಂತಿಲ್ಲ. ಎತ್ತಿ ಹಿಡಿದು, ಬಾಯಿಗೆ ನೇರ ಸುರಿದುಕೊಳ್ಳಬೇಕು. ಆ ಕಲೆ ನನಗೆ ಒಲಿಯಲೇ ಇಲ್ಲ. ನಾನು ಎತ್ತಿ ಕುಡಿದರೆ ಮೂಗಿಗೆ ಕಾಲು ಭಾಗ, ಅಂಗಿಗೆ ಅರ್ಧ, ಉಳಿದದ್ದು ನನಗೆ. 'ಇವನಿಗೆ ನೀರು ಕೊಟ್ಟರೆ ಕುಡಿಯೋದೂ ಆಯ್ತು, ಸ್ನಾನಾನೂ ಆಯ್ತು' ಅಂತ ಅಜ್ಜಿ ನಗುತ್ತಿದ್ದರು.

ಓಟದ ಹಿಂದಿನ ಸಂಜೆ ಬಟ್ಟೆಯಂಥ ಕಾಗದದಲ್ಲಿ ಅಚ್ಚಾದ ನಂಬರು ತಂದೆ, ಅಂಗಿಗೆ ಪಿನ್ನು ಹಾಕಿ ಸಿಕ್ಕಿಸಿಕೊಳ್ಳುವಂಥದ್ದು. ಹೊಸ ಬಟ್ಟೆ ಬಂದರೆ ಮೂಲೆಗೆ ಅರಿಶಿನ ಹಚ್ಚದೆ ಉಡುವುದು ನಮ್ಮ ಮನೆಯಲ್ಲಿಲ್ಲ. ಅಜ್ಜಿ ನಂಬರನ್ನು ದೇವರ ಮುಂದೆ ಇಟ್ಟರು, ಅದರ ಬಲಗಡೆ ಮೂಲೆಗೆ ಅರಿಶಿನ ಒತ್ತಿದರು.

"ಎಲ್ಲಿ ತಿರುಗೋದು ಅಂದೆ?"

"ನಮ್ಮ ಬೀಚ್‌ಲೇ ತಾನ್ ಪಾಟಿ."

"ಹಾಗಾದ್ರೆ ನಾನು ಬಂದು ನಿಂತ್ಕೋತೀನಿ. ಪಾನಕ ತರ್ತೀನಿ. ಯಾರ್ಯಾರೋ ಕೊಡೋ ಬಣ್ಣದ ನೀರು ಕುಡಿಬೇಡ."

"ಅತ್ತೆ, ನಾಳೆ ಏಕಾದಶಿ" ಅಂದರು ಅಮ್ಮ ಅಡುಗೆಮನೆಯಿಂದ. "ನಿಮ್ಮ ಕಾಲು ಹೇಗೆ ಊದಿದೆ ನೋಡ್ಕೊಳ್ಳಿ ಮೊದಲು."

"ಏಕಾದಶಿ ನನಗೆ, ಮಗೂಗಲ್ಲ. ಕಾಲು ಎಲ್ಲಿದ್ರೂ ಊದತ್ತೆ, ಬೀಚಿನಲ್ಲೇ ಊದಲಿ."

ಏಕಾದಶಿಯೆಂದರೆ ಅಜ್ಜಿ ಹನಿ ನೀರೂ ಮುಟ್ಟುತ್ತಿರಲಿಲ್ಲ. ಕಣ್ಣಿಗೆ ಪೊರೆ ಬಂದಿತ್ತು. ದೇವಸ್ಥಾನಕ್ಕೆ ಹೋಗುವುದನ್ನೂ ಬಿಟ್ಟು ವರ್ಷವಾಗಿತ್ತು. ನಾನು ಮಾಡಬೇಕಾಗಿದ್ದುದು ಇಷ್ಟೇ: ಅಲ್ಲಿಯವರೆಗೆ ಹೋಗಿ ಮುಖ ತೋರಿಸುವುದು.

ಬೆಳಗ್ಗೆ ಅಪ್ಪ ಸ್ಕೂಟರಿನಲ್ಲಿ ಲೈಟ್ ಹೌಸಿನ ಹತ್ತಿರ ಬಿಟ್ಟರು. ಕ್ಲಾಸಿನ ದಿನೇಶ್ ಬಂದಿದ್ದ. ನನ್ನ ನಂಬರು ನೋಡಿದವನೇ ಹೊಟ್ಟೆ ಹಿಡಿದುಕೊಂಡು ನಕ್ಕ. "ಎನ್ನಡಾ, ಮಂಜಳಾ? ನಂಬರ್‌ಗೆ ಕಲ್ಯಾಣಮಾ?" ಅರಿಶಿನವಾ, ನಂಬರಿಗೆ ಮದುವೆಯಾ ಅಂತ. ಸುತ್ತಲಿದ್ದವರೂ ತಿರುಗಿ ನೋಡಿದರು. ನಾನೂ ಅವರೊಟ್ಟಿಗೆ ನಕ್ಕೆ. ಉಗುಳು ಹಚ್ಚಿ ಉಜ್ಜಿದೆ, ಅರಿಶಿನ ಇನ್ನೂ ಹರಡಿತು. ಕೊನೆಗೆ ಆ ಮೂಲೆಯನ್ನೇ ಹರಿದು ರಸ್ತೆಗೆ ಎಸೆದೆ. ಆರೂಕಾಲಿಗೆ ಪೀಪಿ ಊದಿದರು.

ಓಡುವವರು ಬಾಳೆಹಣ್ಣು ತಿನ್ನಬೇಕು ಅಂತ ಯಾರೋ ಹೇಳಿದ್ದರು. ಎಷ್ಟು ಅಂತ ಹೇಳಿರಲಿಲ್ಲ. ನಾನು ಆರು ತಿಂದಿದ್ದೆ. ಸಾಂಥೋಮ್ ಚರ್ಚು ದಾಟುವ ಹೊತ್ತಿಗೆ ಆರೂ ಒಂದೊಂದಾಗಿ ಎದ್ದು ನಿಂತವು. ಪಕ್ಕೆಯಲ್ಲಿ ಯಾರೋ ಮೊಳೆ ಹೊಡೆದ ಹಾಗೆ ನೋವು. ಒಬ್ಬ ತಾತ ನನ್ನನ್ನು ದಾಟಿ ಹೋದರು. ಅವರ ಹಿಂದೆ ಸೀರೆಯುಟ್ಟ ಹೆಂಗಸೊಬ್ಬರು ಸ್ನೇಹಿತೆಯೊಂದಿಗೆ ಮಾತಾಡುತ್ತಾ ದಾಟಿದರು. ಮಾತು ಸಾಂಬಾರಿನ ಬಗ್ಗೆ. ಅಡ್ಯಾರ್ ಸೇತುವೆಗೆ ಸ್ವಲ್ಪ ಮೊದಲು, ನಿಂತಿದ್ದ ಒಂದು ಬಸ್ಸಿನ ಮರೆಯಲ್ಲಿ ಟೀ ಅಂಗಡಿ ಕಂಡಿತು. ಐದು ನಿಮಿಷ ಕೂತು ಹೋಗೋಣ ಅಂದುಕೊಂಡೆ.

"ಏನ್ ತಂಬಿ, ರೇಸ್ ಅಷ್ಟೇನಾ?" ಅಂತ ಟೀ ಅಂಗಡಿಯ ಅಣ್ಣ ತಮಿಳಿನಲ್ಲಿ ಕೇಳಿದ. ನಾನು ದೊಡ್ಡ ಓಟದವನು, ಎರಡನೇ ಸುತ್ತು, ಅಂತ ಹೇಳಿದೆ. ಅವನು ನಂಬಿದ ಹಾಗೆ ಕಾಣಲಿಲ್ಲ, ಟೀ ಕೊಟ್ಟ. ಅದರಲ್ಲಿ ಅರ್ಧ ಅಂಗಿಯ ಮೇಲೆ ಬಿತ್ತು. ಎರಡನೇ ಟೀ ಕೈಗೆ ಕೊಡುವಾಗ ರೇಡಿಯೋದಲ್ಲಿ ಬೆಳಗಿನ ವಾರ್ತೆ ನಡೆಯುತ್ತಿತ್ತು. ಗೋಡೆಯ ಗಡಿಯಾರ ಏಳಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಅದನ್ನು ನೋಡಿದ್ದು ನೆನಪಿದೆ, ಏಕೆಂದರೆ 'ಅಜ್ಜಿ ಬಂದು ನಿಂತಿರುತ್ತಾರೆ' ಅಂತ ಅನ್ನಿಸಿತು. ಅನ್ನಿಸಿದ ಮೇಲೂ ಏಳಲಿಲ್ಲ. ಮುಂದಿನ ಬೆಂಚಿನ ಮೇಲಿದ್ದ ಜಾಡಿಯಿಂದ ಒಂದು ಬಟರ್ ಬಿಸ್ಕೆಟ್ ತೆಗೆದುಕೊಂಡೆ.

ಆಗ ಬಾಯಲ್ಲಿ ಶುಂಠಿಯ ಖಾರ ಬಂದ ಹಾಗಾಯಿತು, ಪಕ್ಕೆಯ ನೋವೂ ಹೋಯಿತು. ಆದರೆ ಇದೊಂದು ಮಾತನ್ನು ಆಣೆ ಮಾಡಿ ಹೇಳಲಾರೆ. ಟೀಯಲ್ಲೇ ಶುಂಠಿ ಇದ್ದಿರಬಹುದು. ಅಥವಾ ಆಮೇಲೆ ನಡೆದದ್ದನ್ನು ಕೇಳಿ ನಾನೇ ಸೇರಿಸಿಕೊಂಡಿರಬಹುದು.

ತಿರುಗಿ ಬರುವವರು ಕಾಣಿಸಿದ ಮೇಲೆ, ಹತ್ತಿಪ್ಪತ್ತು ಜನ ಹೋಗಲಿ ಅಂತ ಕಾದು, ಬಸ್ಸಿನ ಮರೆಯಿಂದ ಜಾರಿ ಅವರ ನಡುವೆ ಸೇರಿಕೊಂಡೆ. ಲೈಟ್ ಹೌಸಿನ ಹತ್ತಿರ ಬರುವಾಗ ನಾಟಕಕ್ಕೆಂದು ಸ್ವಲ್ಪ ಕುಂಟಿದೆ. ಅಪ್ಪ ಹಗ್ಗದಾಚೆಯಿಂದ ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ಅವರು ಹಾಗೆ ಕೂಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಗೆರೆ ದಾಟುವಾಗ ನೆಲದಲ್ಲಿ ಹಾಸಿದ್ದ ಕಪ್ಪು ಚಾಪೆ ಕಾಲಿಗೆ ತಾಗಿ ಕೀ ಅಂದಿತು. ಪಕ್ಕದಲ್ಲಿದ್ದವರು ತಮ್ಮ ಶೂ ಲೇಸಿಗೆ ಕಟ್ಟಿದ ಪ್ಲಾಸ್ಟಿಕ್ ಚಿಪ್ ಬಿಚ್ಚಿಕೊಡುತ್ತಾ ಅಪ್ಪನಿಗೆ ವಿವರಿಸಿದರು: "ಅಲ್ಲಿ ತಿರುವಿನಲ್ಲೂ ಇಂಥದ್ದೇ ಚಾಪೆ ಹಾಸಿದ್ದಾರೆ ಸಾರ್. ಯಾರು ಪೂರ್ತಿ ಓಡಿದ್ರು, ಯಾರು ಓಡ್ಲಿಲ್ಲ, ಎಲ್ಲ ಕಂಪ್ಯೂಟರ್ ಹೇಳುತ್ತೆ."

ನನ್ನ ಲೇಸಿನಲ್ಲೂ ಅದೇ ಚಿಪ್. ನಂಬರಿನ ಜೊತೆ ಕೊಟ್ಟಿದ್ದ ಅದನ್ನು ನಾನು ಅಲಂಕಾರ ಅಂದುಕೊಂಡಿದ್ದೆ.

ಸ್ಕೂಟರಿನಲ್ಲಿ ಹಿಂದೆ ಕೂತು ಬರುವಾಗ ಅಜ್ಜಿಗೆ ಹೇಳಲು ಸುಳ್ಳು ಹೊಲಿದುಕೊಂಡೆ. ತಿರುವಿನಲ್ಲಿ ಜನ ಜಾಸ್ತಿ, ನೀವು ಕಾಣಲಿಲ್ಲ, ಎಷ್ಟು ಹುಡುಕಿದೆ, ಪೊಲೀಸಿನವರು ನಿಲ್ಲಲು ಬಿಡಲಿಲ್ಲ. ಪೊಲೀಸಿನವರಿಗೆ ಒಂದು ಮೀಸೆಯನ್ನೂ ಕೊಟ್ಟೆ. ನಂಬರನ್ನು ಮಡಿಚಿ ಜೇಬಿಗೆ ಹಾಕಿಕೊಂಡೆ.

ಬಾಗಿಲು ತೆಗೆದಾಗ ಅಜ್ಜಿ ನಡುಮನೆಯಲ್ಲಿ ಕಾಲು ಚಾಚಿ ಕೂತಿದ್ದರು. ಪಾದಗಳು ಊದಿ ಹೊಳೆಯುತ್ತಿದ್ದವು. ನಾನು ಬಾಯಿ ತೆರೆಯುವ ಮೊದಲೇ ಅವರು ಕೈ ಚಾಚಿದರು.

"ಬಾರೋ ರಾಜ. ಒಂದು ಹನಿ ಚೆಲ್ಲಲಿಲ್ಲ ಕಣೋ ನೀನು!"

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಅಮ್ಮನ ಮುಖ ನೋಡಿದರು.

"ನನ್ನನ್ನ ಕೇಳ್ಬೇಡಿ, ನಾನು ನೋಡ್ಲಿಲ್ಲ" ಅಂದರು ಅಮ್ಮ ಸಿಟ್ಟಿನಿಂದ. "ಐದೂವರೆಯಿಂದ ನಿಂತಿದ್ದಾರೆ. ಕಟ್ಟೆ ಮೇಲೆ ಕೂತ್ಕೊಳ್ಳಿ ಅಂದ್ರೆ ಯಾರ್ಯಾರೋ ಕೂತಿರೋ ಜಾಗ, ಮಡಿ ಹೋಗತ್ತೆ ಅಂತಾರೆ. ಮನೆಗೆ ಓಡಿ ಮಡಚೋ ಕುರ್ಚಿ ತಂದೆ. ಅಷ್ಟರಲ್ಲಿ ಇವನು ಬಂದು ಹೋಗಿದ್ದಾನೆ. ಒಂದು ನಿಮಿಷ ಅಮ್ಮನಿಗೆ ಕಾಯಬಾರದಾ?"

"ಅವನ ಓಟ ನಿಂತುಬಿಡಲ್ವೇನೆ" ಅಂದರು ಅಜ್ಜಿ. ಆಮೇಲೆ ನಿಧಾನವಾಗಿ, ರುಚಿ ನೋಡುತ್ತಾ ಹೇಳಿದರು. ಕಡಲಿನ ಕಡೆಯಿಂದ ಬೆಳಕು ಬಂದಿತ್ತಂತೆ. ಓಡುವವರ ನಡುವಿನಿಂದ ನಾನು ಸೀದಾ ಅವರ ಹತ್ತಿರ ಬಂದೆನಂತೆ. ಅರಿಶಿನದ ಮೂಲೆ ಎದ್ದು ಕಾಣುತ್ತಿತ್ತಂತೆ. ಕೂಜದಿಂದ ಬೆಳ್ಳಿ ಲೋಟಕ್ಕೆ ಪಾನಕ ಬಗ್ಗಿಸಿ ಕೊಟ್ಟರೆ, ನಿಂತಲ್ಲೇ ಕಾಲು ಕುಣಿಸುತ್ತಾ, ಲೋಟ ಮೇಲಕ್ಕೆತ್ತಿ, ಒಂದೇ ಧಾರೆಯಲ್ಲಿ ಕುಡಿದೆನಂತೆ. ಎರಡು ಲೋಟ.

"ಆಮೇಲೆ ಏನು ಕೇಳಿದ ಗೊತ್ತಾ?" ಅಂತ ಅಪ್ಪನಿಗೆ ಹೇಳಿದರು. "'ತುಂಬಾ ಹೊತ್ತಾಯ್ತಾ ಅಜ್ಜಿ ನಿಂತು, ಕಾಲು ನೋಯ್ತಿದ್ಯಾ?' ಅಂದ. ಕನ್ನಡದಲ್ಲಿ ಕಣೋ. ಎಷ್ಟು ಶುದ್ಧವಾಗಿ!"

ಮೀಸೆಯ ಪೊಲೀಸಿನವನು ನನ್ನ ಗಂಟಲಲ್ಲೇ ಉಳಿದ. ಅಜ್ಜಿ ನಂಬರು ಕೇಳಿದರು, ದೇವರ ಮುಂದೆ ಇಡಲು. ವಾಪಸ್ ತೆಗೆದುಕೊಂಡರು ಅಂದೆ. ಅಂಗಿಯ ಮೇಲೆ ಟೀ ಕಲೆ ಇತ್ತು; ಕೈ ಅಡ್ಡ ಹಿಡಿದುಕೊಂಡು ಸ್ನಾನಕ್ಕೆ ಹೋದೆ.

ಇದರಲ್ಲಿ ವಿಚಿತ್ರವೇನೂ ಇಲ್ಲ ಅಂತ ಆವತ್ತೇ ತೀರ್ಮಾನ ಮಾಡಿದೆ. ಪೊರೆ ಬಂದ ಕಣ್ಣು, ಎದುರು ಬಿಸಿಲು, ಬೆಳಗಿನಿಂದ ಹನಿ ನೀರಿಲ್ಲ. ಯಾರೋ ಕನ್ನಡದ ಹುಡುಗ, ಒಳ್ಳೆಯವನು, ಮುದುಕಿಯೊಬ್ಬರು ಪಾನಕ ಚಾಚಿದರು ಅಂತ ಕುಡಿದು ಎರಡು ಮಾತಾಡಿ ಹೋಗಿದ್ದಾನೆ. ನಮ್ಮ ಊರಲ್ಲಿ ಎಷ್ಟು ಕನ್ನಡದ ಮನೆಗಳಿಲ್ಲ? ಅವನ ಅಂಗಿಯಲ್ಲಿ ಏನೋ ಹಳದಿ ಇತ್ತು, ಅಷ್ಟೆ. ನನ್ನ ಭಯವೆಲ್ಲ ಆ ಚಾಪೆಯದು. ಫಲಿತಾಂಶ ಬಂದರೆ ಅಪ್ಪನಿಗೆ ತಿಳಿಯುತ್ತದೆ, ಅಪ್ಪನಿಂದ ಅಜ್ಜಿಗೆ. ಏಕಾದಶಿಯ ದಿನ ಊದಿದ ಕಾಲಲ್ಲಿ ನಿಂತದ್ದು ಯಾರೋ ಒಬ್ಬನಿಗೆ ಅಂತ ಅವರಿಗೆ ತಿಳಿಯುತ್ತದೆ. ಆ ವಾರವೆಲ್ಲ ಅವರು ಬಂದವರಿಗೆಲ್ಲ ಆ ಎರಡು ಲೋಟದ ಕಥೆ ಹೇಳುತ್ತಿದ್ದರು. ಹಾಲಿನವನಿಗೆ ಎರಡು ಸಲ ಹೇಳಿದ್ದರು.

ಒಂದು ಸಂಜೆ ಅಪ್ಪ ಬ್ರೌಸಿಂಗ್ ಸೆಂಟರಿನಿಂದ ಒಂದು ಹಾಳೆ ಪ್ರಿಂಟ್ ಮಾಡಿಸಿಕೊಂಡು ಬಂದರು. ನಾನು ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡೆ. ಹೊರಗೆ ಅಪ್ಪ ದೊಡ್ಡದಾಗಿ ಓದುತ್ತಿದ್ದರು: ನನ್ನ ಹೆಸರು, ನನ್ನ ನಂಬರು, ಪೂರ್ತಿ ಓಟದ ಸಮಯ. ಆಮೇಲೆ, ತಿರುವು ತಲುಪಿದ್ದು ಮೂವತ್ತೈದು ನಿಮಿಷಕ್ಕೆ.

ಆರೂಕಾಲು. ಮೂವತ್ತೈದು ನಿಮಿಷ. ನಾನು ಚಿಲಕ ತೆಗೆಯದೆ ಬೆರಳಲ್ಲಿ ಎಣಿಸಿದೆ. ಏಳಕ್ಕೆ ಹತ್ತು.

ಅದಕ್ಕೂ ಕಾರಣ ಹುಡುಕಬಹುದು. ಮೊದಲನೇ ವರ್ಷದ ಓಟ, ಹೊಸ ಯಂತ್ರ, ಯಾರ ಸಮಯವೋ ಯಾರ ಹೆಸರಿಗೋ ಬಿದ್ದಿರಬಹುದು. ದಿನೇಶನ ಹೆಸರನ್ನೇ ದಿನೇಶ್ವರಿ ಅಂತ ಹಾಕಿದ್ದರು. ಅವನಿಗೆ ಒಂದು ವರ್ಷ ಅದೇ ಹೆಸರು ಉಳಿಯುವ ಹಾಗೆ ನೋಡಿಕೊಂಡೆ. ಅಜ್ಜಿಯ ಕಣ್ಣು ತಪ್ಪಿದೆ ಅಂದರೆ ಒಪ್ಪುತ್ತೇನೆ, ಯಂತ್ರ ತಪ್ಪಿದೆ ಅಂದರೂ ಒಪ್ಪುತ್ತೇನೆ. ಎರಡೂ ಒಂದೇ ನಿಮಿಷಕ್ಕೆ, ಒಂದೇ ಜಾಗದಲ್ಲಿ, ನನ್ನ ಹೆಸರಿಗೇ ತಪ್ಪಿದವು ಅನ್ನುವಲ್ಲಿ ನನ್ನ ತಲೆ ನಿಂತುಬಿಡುತ್ತದೆ.

ಸೈಕಲ್ ಹತ್ತಿ ಟೀ ಅಂಗಡಿಗೂ ಹೋಗಿ ಬಂದೆ. ನಾನೇ ಎದ್ದು ಓಡಿ ಮರೆತಿದ್ದೇನೋ ಅನ್ನುವ ಆಸೆ. ಅಣ್ಣ ನನ್ನನ್ನು ನೋಡಿದ ಕೂಡಲೇ ನಕ್ಕ. "ಎರಡನೇ ಸುತ್ತು ಮುಗೀತಾ ತಂಬಿ? ಎರಡು ಟೀ, ಒಂದು ಬಟರ್ ಬಿಸ್ಕೆಟ್. ಬೆಂಚು ಬಿಟ್ಟು ಅಲ್ಲಾಡಲಿಲ್ಲ ನೀನು."

ಅಪ್ಪ ಆ ಹಾಳೆಯನ್ನು ಲ್ಯಾಮಿನೇಟ್ ಮಾಡಿಸಿ ಗೋಡೆಗೆ ಹಾಕಿದರು. ಅದರ ಎದುರಿಗೆ ಕೂತು ಎಂಟು ತಿಂಗಳು ಊಟ ಮಾಡಿದೆ. ನಾನು ಆಡಿದ ಸುಳ್ಳುಗಳಿಗೆ ಲೆಕ್ಕವಿಲ್ಲ, ಆದರೆ ನಾನು ಆಡದ ಸುಳ್ಳೊಂದು ಹಾಗೆ ಗೋಡೆಯಲ್ಲಿ ಮಿನುಗುವುದು ಬೇರೆ ಸಂಕಟ. ಅಜ್ಜಿ ಹಾಸಿಗೆ ಹಿಡಿದರು. ಮಾತು ಕಡಿಮೆಯಾಯಿತು. ಒಂದು ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ ಇದ್ದಾಗ ಹರಿದ ನಂಬರನ್ನು ಬೀರುವಿನಿಂದ ತೆಗೆದು ಅವರ ಪಕ್ಕ ಕೂತೆ. ಕನ್ನಡದಲ್ಲೇ ಹೇಳಬೇಕು ಅಂತ ವಾಕ್ಯ ಕಟ್ಟಿಕೊಂಡು ಹೋಗಿದ್ದೆ.

"ಅಜ್ಜಿ, ಆವತ್ತು ನಾನು ಬರ್ಲೇ ಇಲ್ಲ. ಟೀ ಅಂಗಡೀಲಿ ಕೂತಿದ್ದೆ. ಅರಿಶಿನಾನೂ ಹರಿದು ಎಸೆದುಬಿಟ್ಟೆ. ಇಲ್ಲಿ ನೋಡಿ."

ನಂಬರನ್ನು ಅವರ ಕೈಗೆ ಕೊಟ್ಟೆ. ಅವರು ಹರಿದ ಮೂಲೆಯನ್ನು ಬೆರಳಿಂದ ಸವರಿದರು, ತುಂಬಾ ಹೊತ್ತು. ಆಮೇಲೆ ಅವರ ಹೊಟ್ಟೆ ಕುಲುಕಿತು. ನಗುತ್ತಿದ್ದರು.

"ಎಷ್ಟೊಂದು ಕಥೆ ಹೊಡೀತೀಯ, ಎಲ್ಲ ಚೆನ್ನಾಗಿರತ್ತೆ. ಇದೊಂದು ಮಾತ್ರ ಚೆನ್ನಾಗಿಲ್ಲ ಕಣೋ."

"ಸುಳ್ಳಲ್ಲ ಅಜ್ಜಿ, ನಿಜ."

"ಆಗಲಿ. ನಿನ್ನ ಕನ್ನಡ ಯಾಕೋ ಆವತ್ತಿನ ಹಾಗಿಲ್ಲ ಇವತ್ತು" ಅಂದರು. ಕಣ್ಣು ಮುಚ್ಚಿಕೊಂಡರು. ನಂಬರು ಅವರ ಕೈಯಲ್ಲೇ ಇತ್ತು. ಮತ್ತೆ ಆ ಮಾತು ಎತ್ತಲು ಆಗಲಿಲ್ಲ. ಹದಿನೈದು ದಿನದಲ್ಲಿ ಅವರು ಹೋದರು.

ಈ ವರ್ಷ ನಾನು ಮತ್ತೆ ಓಡಿದೆ. ಈ ಸಲ ನಾಲ್ಕು ತಿಂಗಳು ತಯಾರಿ, ನಾಯಿಯ ಸಹಾಯವಿಲ್ಲದೆ. ಬಾಳೆಹಣ್ಣು ಒಂದು. ನಂಬರಿನ ಮೂಲೆಗೆ ನಾನೇ ಅರಿಶಿನ ಒತ್ತಿಕೊಂಡೆ. ದಿನೇಶ್ ನೋಡಿದ, ಈ ಸಲ ನಗಲಿಲ್ಲ. ಆ ಟೀ ಅಂಗಡಿಯ ಮುಂದೆ ಹೋಗುವಾಗ ಅಣ್ಣ ಲೋಟ ಎತ್ತಿ ತೋರಿಸಿ ನಕ್ಕ. ನಿಲ್ಲಲಿಲ್ಲ. ಸೇತುವೆ ದಾಟಿ ಬೀಚಿನ ರಸ್ತೆಗೆ ತಿರುಗಿದಾಗ ಬೆಳಕು ಕಡಲಿನ ಕಡೆಯಿಂದ ಬರುತ್ತಿತ್ತು. ಅಜ್ಜಿ ಹೇಳಿದ್ದ ಹಾಗೇ.

ಅಮ್ಮ ಕೂಜ ಹಿಡಿದು ಅದೇ ಕಟ್ಟೆಯ ಹತ್ತಿರ ನಿಂತಿದ್ದರು. ಅದೇ ಬೆಳ್ಳಿ ಲೋಟ. ಎತ್ತಿ ಹಿಡಿದೆ, ಕತ್ತು ಹಿಂದಕ್ಕೆ ಬಾಗಿಸಿದೆ, ಮನೆಯಲ್ಲಿ ನೂರು ಸಲ ಅಭ್ಯಾಸ ಮಾಡಿದ್ದ ಹಾಗೆ ಸುರಿದುಕೊಂಡೆ. ಮೂಗಿಗೆ ಕಾಲು ಭಾಗ, ಅಂಗಿಗೆ ಅರ್ಧ.

"ಅಯ್ಯೋ ನಿನ್ನ! ಆವತ್ತು ಅಷ್ಟು ಚೆನ್ನಾಗಿ ಕುಡಿದ್ಯಂತೆ, ಈಗೇನಾಯ್ತು?" ಅಂತ ಅಮ್ಮ ಸೆರಗಿನಲ್ಲಿ ನನ್ನ ಗದ್ದ ಒರೆಸಿದರು.

ಅಮ್ಮ ಇನ್ನೂ ಕತ್ತಲಿರುವಾಗಿನಿಂದ ನಿಂತಿದ್ದರು. 'ಕಾಲು ನೋಯ್ತಿದ್ಯಾ?' ಅಂತ ಕೇಳಬೇಕಾದ ಪ್ರಶ್ನೆ ನನಗೆ ಬಾಯಿಪಾಠವಾಗಿತ್ತು, ಕನ್ನಡದಲ್ಲಿ, ಒಂದೊಂದು ಅಕ್ಷರವೂ. ನಾಲಿಗೆಯ ತುದಿಯವರೆಗೂ ಬಂತು. ಆದರೆ ಅದು ಆವತ್ತು ಪಾನಕ ಕುಡಿದವನ ಮಾತು ಅನ್ನಿಸಿತು, ನನ್ನದಲ್ಲ. ಲೋಟ ಕೊಟ್ಟು, ಚಾಪೆಯ ಮೇಲೆ ಕಾಲಿಟ್ಟು, ಅದು ಕೀ ಅಂದಮೇಲೆ ಓಡಿದೆ.

ವಾಪಸ್ ಹೋಗುವ ದಾರಿಯಲ್ಲಿ, ಎದುರಿಗೆ ಬರುತ್ತಿದ್ದ ಹುಡುಗರ ಅಂಗಿಗಳನ್ನೇ ನೋಡುತ್ತಾ ಹೋದೆ. ಎಲ್ಲಾದರೂ ಒಂದು ಹಳದಿ ಮೂಲೆ ಕಂಡೀತೇ ಅಂತ. ಕಂಡರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಬಹುಶಃ ನಿಲ್ಲಿಸಿ ಕೇಳುತ್ತಿದ್ದೆ: ಅಜ್ಜಿಯ ಮುಖ ಆಗ ಹೇಗಿತ್ತು?